ಕಚೇರಿಯ ಮೇಜು, ಬೇಲಿಯ ಗಂಧ
(ಶಿಕಾರಿಪುರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)



ಪಹಣಿಗಾಗಿ ಸರ್ಕಾರಿ ಕಚೇರಿಯಲ್ಲಿ ಕಾದು ನಿಂತವರು ನಾವೆಲ್ಲರೂ. ಹಾಗೆ ನಿಂತಾಗ ನನ್ನ ಕಣ್ಣು ಅಧಿಕಾರಿಯ ಮುಖಕ್ಕಿಂತ ಮೊದಲು ಅವರ ಮೇಜಿನತ್ತ ಹೊರಳುತ್ತದೆ. ಯಾವ ಮರ, ಯಾವ ಕಾಡಿನದು ಎಂದು.

ನಮ್ಮ ಶಾನುಭೋಗರು ನೆಲದ ಮೇಲೆ ಕುಳಿತು, ಓರೆ ಮುಚ್ಚಳದ ಪೆಟ್ಟಿಗೆಯ ಮೇಲೆ ಕಡತವಿರಿಸಿ ಲೆಕ್ಕ ಬರೆಯುತ್ತಿದ್ದರು. 1830ರ ನಗರದ ದಂಗೆಯ ತರುವಾಯ, 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷರ ಕೈಸೇರಿತು. ಕುರ್ಚಿ-ಮೇಜಿನ ಕಚೇರಿ ಬೇರೂರಿದ್ದು 1881ರವರೆಗಿನ ಆ ಐವತ್ತು ವರ್ಷಗಳಲ್ಲಿ. ಸಿದ್ಧ ಪೀಠೋಪಕರಣಗಳ ಅಂಗಡಿಗಳಿಲ್ಲದ ಕಾಲವದು. ಅಳತೆ ಕೊಟ್ಟು ಬಡಗಿಯಿಂದಲೇ ಮಾಡಿಸಬೇಕು. ಗೆದ್ದಲು ಸುಲಭವಾಗಿ ಹತ್ತದ ತೇಗ, ತೂಕವೂ ಹೊಳಪೂ ಉಳ್ಳ ಬೀಟೆ, ಆಸನಕ್ಕೆ ಗಾಳಿಯಾಡುವ ಬೆತ್ತದ ಹೆಣಿಗೆ.

ಸೊರಬ ಸೀಮೆಯ ಗುಡಿಗಾರರು ಗಂಧದಲ್ಲಿ ಪೆಟ್ಟಿಗೆಗಳನ್ನೂ ಬರೆಯುವ ಡೆಸ್ಕುಗಳನ್ನೂ ಕೆತ್ತುತ್ತಿದ್ದುದನ್ನು ಬಿ. ಎಲ್. ರೈಸರ ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. ಒಂದಕ್ಕೊಂದು ಹೆಣೆದುಕೊಂಡ ಎಲೆ-ಬಳ್ಳಿಗಳು, ನಡುವೆ ದೇವತಾಮೂರ್ತಿ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದಲ್ಲಿಯೂ ಸಚಿವ ಸಂಪುಟದ ಕೊಠಡಿಗೆ ಗಂಧದ ಬಾಗಿಲೇ ಬೇಕಾಯಿತು.

ಆದರೆ ಆ ಗಂಧ ಯಾರದು? 1792ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನು. ದೊರೆಗಳು ಹೋದರೂ ಪದ್ಧತಿ ಹೋಗಲಿಲ್ಲ. 2001ರ ತಿದ್ದುಪಡಿಯವರೆಗೂ ರೈತನ ಹೊಲದ ಗಂಧ ಸರ್ಕಾರದ ಸೊತ್ತು. ಕಾಯುವ ಹೊಣೆ ಮಾತ್ರ ರೈತನದು. ಹಕ್ಕಿ ಬಿತ್ತಿದ ಗಂಧದ ಸಸಿ ಬೇಲಿಯಲ್ಲಿ ಕಂಡರೆ ನನ್ನ ಅಜ್ಜ ಗೇಣುದ್ದವಿರುವಾಗಲೇ ಕಿತ್ತೆಸೆಯುತ್ತಿದ್ದರು. ಏಕೆಂದು ಕೇಳಿದ್ದಕ್ಕೆ, "ನಾಳೆ ಕಳುವಾದರೆ ಕಚೇರಿಗೆ ಅಲೆಯುವವರಾರು?" ಎಂದರು.

ಗಂಧವು ಅರೆಪರಾವಲಂಬಿ. ನೆರೆಗಿಡಗಳ ಬೇರಿಗೆ ತನ್ನ ಬೇರು ಕೂಡಿಸಿ ನೀರು, ಲವಣಗಳನ್ನು ಪಡೆಯುವ ಅದಕ್ಕೆ ಬಗೆಬಗೆಯ ಗಿಡಗಳ ಬೇಲಿಯೇ ತಕ್ಕ ನೆಲೆ. ಕೆತ್ತನೆಗೊದಗುವಷ್ಟು ಚೇಗು ಕೂಡಲು ಮೂವತ್ತು ವರ್ಷವಾದರೂ ಬೇಕು. 1899ರಲ್ಲಿ ಕೊಡಗಿನಲ್ಲಿ ಗುರುತಿಸಲಾದ ಸ್ಪೈಕ್ ರೋಗವು ಅಪಾರ ಗಂಧವನ್ನು ಕೊಂದಿತು, ನಿಜ. ರೋಗದ ಬಗ್ಗೆ ನಾವು ವಿಜ್ಞಾನಿಗಳು ಬಹಳ ಬರೆದಿದ್ದೇವೆ. ಭಯದಿಂದ ಕಿತ್ತ ಸಸಿಗಳನ್ನು ಎಣಿಸಿದವರಿಲ್ಲ. ಅವು ಉಳಿದಿದ್ದರೆ ಇಂದು ಗುಡಿಗಾರನು ಮರಕ್ಕಾಗಿ ಪರದಾಡಬೇಕಿರಲಿಲ್ಲ.

ಈಗ ಕಚೇರಿಗಳನ್ನು ಉಕ್ಕು ಮತ್ತು ಒತ್ತುಹಲಗೆಗಳು ತುಂಬಿವೆ. ಕೇಂದ್ರ ಲೋಕೋಪಯೋಗಿ ಇಲಾಖೆಯು 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನು ನಿಷೇಧಿಸಿತ್ತು. 2020ರಲ್ಲಿ ಆ ನಿಷೇಧ ತೆರವಾಯಿತು. ರೈತನ ಬೇಲಿಯಿಂದ ಬರುವುದಾದರೆ ಮರ ಮರಳಿ ಬರಲಿ, ನನ್ನ ಆಕ್ಷೇಪವಿಲ್ಲ. ಆದರೆ ಒಂದು ಕಾಲು ಸಡಿಲವಾದ ಬೀಟೆಯ ಕುರ್ಚಿಯನ್ನು ಸೌದೆಯ ಬೆಲೆಗೆ ಹರಾಜು ಹಾಕುವುದನ್ನು ನಾನು ಕಂಡಿದ್ದೇನೆ. ಮೊಳೆಯಿಲ್ಲದೆ ಸಂದು ಕೂಡಿಸಿದ ಕುರ್ಚಿಯದು. ಬಿಚ್ಚಿ ಮತ್ತೆ ಜೋಡಿಸಿದ್ದರೆ ಇನ್ನೂ ನೂರು ವರ್ಷ ಬಾಳುತ್ತಿತ್ತು. ನೆನೆದ ಒತ್ತುಹಲಗೆಗೆ ಆ ಭಾಗ್ಯವೆಲ್ಲಿ?

ವಿದ್ಯಾರ್ಥಿಗಳು ತಮ್ಮ ಶಾಲೆ, ಪಂಚಾಯಿತಿಗಳ ಉಗ್ರಾಣದಲ್ಲಿರುವ ಹಳೆಯ ಮೇಜು-ಕುರ್ಚಿಗಳನ್ನು ಮರದ ಹೆಸರು, ಅಳತೆಗಳೊಡನೆ ಪಟ್ಟಿ ಮಾಡಿ ಮುಂದಿನ ಗ್ರಾಮಸಭೆಗೆ ತರಬೇಕೆಂದು ಕೋರುತ್ತೇನೆ. ಊರಿನ ಬಡಗಿಯನ್ನೂ ಜೊತೆಗೆ ಕರೆದೊಯ್ಯಿರಿ. ಬೀಟೆಗೂ ಬಣ್ಣ ಬಳಿದ ಮತ್ತಿಗೂ ಇರುವ ವ್ಯತ್ಯಾಸವನ್ನು ಅವರೇ ತೋರಿಸುತ್ತಾರೆ.