ಮುಟ್ಟದೆ ಹಿಡಿಯುವ ವಿದ್ಯೆ

ಜೀವಕೋಶವನ್ನು ಚಿಮಟದಿಂದ ಎತ್ತಲಾಗದು. ಕೆಂಪು ರಕ್ತಕಣದ ಅಗಲ ಸುಮಾರು 8 ಮೈಕ್ರೋಮೀಟರ್. ಅದರ ಪೊರೆಯ ದಪ್ಪ ಕೆಲವೇ ನ್ಯಾನೋಮೀಟರ್. ಅದನ್ನು ಮುಟ್ಟದೆ ಹಿಡಿಯಬೇಕು, ಬದುಕಿರುವಂತೆಯೇ ಬಿಡಬೇಕು. ಈ ಪ್ರದರ್ಶನದ ಮೇಜುಗಳ ಮೇಲಿರುವ ಗಾಜಿನ ಚಿಪ್‌ಗಳು ಇದಕ್ಕೆಂದೇ ಹುಟ್ಟಿದವು.

ಹಿಡಿತದ ಗುಟ್ಟಿರುವುದು ವಿದ್ಯುತ್ ಕ್ಷೇತ್ರದ ಏರುಪೇರಿನಲ್ಲಿ. ವಿದ್ಯುತ್ ಕ್ಷೇತ್ರಕ್ಕೆ ಸಿಕ್ಕ ಕೋಶದ ಒಂದು ಬದಿಗೆ ಧನ, ಇನ್ನೊಂದು ಬದಿಗೆ ಋಣ ಆವೇಶ ಸೇರುತ್ತದೆ. ಕ್ಷೇತ್ರ ಎಲ್ಲೆಡೆ ಒಂದೇ ಸಮನಿದ್ದರೆ ಎರಡು ಬದಿಯ ಎಳೆತ ಸರಿದೂಗಿ ಕೋಶ ಇದ್ದಲ್ಲೇ ಉಳಿಯುತ್ತದೆ. ಒಂದು ಬದಿಯಲ್ಲಿ ಕ್ಷೇತ್ರ ಬಲವಾಗಿದ್ದರೆ ಕೋಶ ಸರಿಯತೊಡಗುತ್ತದೆ. ವಿಜ್ಞಾನಿ ಹರ್ಬರ್ಟ್ ಪೋಲ್ 1951ರಲ್ಲಿ ಈ ಚಲನೆಗೆ ಡೈಎಲೆಕ್ಟ್ರೊಫೊರೆಸಿಸ್ ಎಂದು ಹೆಸರಿಟ್ಟರು. 1966ರಲ್ಲಿ ಅವರೂ ಸಹೋದ್ಯೋಗಿ ಹಾಕ್ ಅವರೂ ಇದೇ ಬಲದಿಂದ ಬದುಕಿರುವ ಯೀಸ್ಟ್ ಕೋಶಗಳನ್ನು ಸತ್ತವುಗಳಿಂದ ಬೇರ್ಪಡಿಸಿ ತೋರಿಸಿದರು. ಈ ವಿದ್ಯೆಯ ಅತ್ಯಂತ ಸುಂದರ ಪ್ರಯೋಗ ಅದೇ.

ಈ ಬೇರ್ಪಡಿಕೆಗೆ ಕಾರಣ ಪೊರೆ. ಬದುಕಿರುವ ಕೋಶದ ಪೊರೆ ವಿದ್ಯುತ್ತನ್ನು ತಡೆಯುತ್ತದೆ, ಲವಣದ ಅಯಾನುಗಳನ್ನು ಒಳಗೇ ಕಾಯ್ದಿಡುತ್ತದೆ. ಕೋಶ ಸತ್ತರೆ ಪೊರೆ ಸೋರುತ್ತದೆ. ಕಡಿಮೆ ಆವರ್ತನದ ಪರ್ಯಾಯ ವಿದ್ಯುತ್ತಿಗೆ ಜೀವಂತ ಕೋಶ ಬಲವಾದ ಕ್ಷೇತ್ರದಿಂದ ದೂರ ಸರಿಯುತ್ತದೆ. ಆವರ್ತನ ಏರಿಸುತ್ತ ಹೋದಂತೆ ಕ್ಷೇತ್ರ ಪೊರೆ ದಾಟಿ ಒಳಗಿನ ದ್ರವವನ್ನು ತಲುಪುತ್ತದೆ. ಆಗ ಅದೇ ಕೋಶ ಕ್ಷೇತ್ರ ಬಲವಾಗಿರುವ ಎಲೆಕ್ಟ್ರೋಡ್‌ನ ಅಂಚಿಗೆ ಓಡಿ ಬರುತ್ತದೆ. ಹೀಗೆ ತಿರುಗುವ ಆವರ್ತನ ಒಂದೊಂದು ಬಗೆಯ ಕೋಶಕ್ಕೂ ಒಂದೊಂದು.

ಇದಕ್ಕೆ ಚಿಪ್ ಏಕೆ ಬೇಕು? ಫೋಟೊಲಿಥೊಗ್ರಫಿಯಿಂದ ಗಾಜಿನ ಮೇಲೆ ಕೊರೆದ ಎರಡು ಲೋಹದ ಗೆರೆಗಳ ನಡುವೆ 20 ಮೈಕ್ರೋಮೀಟರ್ ಅಂತರವಿದ್ದರೆ, 10 ವೋಲ್ಟ್‌ಗೇ ಮೀಟರಿಗೆ ಸುಮಾರು 5 ಲಕ್ಷ ವೋಲ್ಟ್‌ಗಳ ಕ್ಷೇತ್ರ ಸಿಗುತ್ತದೆ. ಒಂದು ಸೆಂಟಿಮೀಟರ್ ಅಂತರದಲ್ಲಿ ಅಷ್ಟೇ ಕ್ಷೇತ್ರಕ್ಕೆ 5,000 ವೋಲ್ಟ್ ಬೇಕು. ನೇರ ವಿದ್ಯುತ್ ಹರಿಸಿದರೆ ನೀರು ವಿಭಜನೆಯಾಗಿ ಗುಳ್ಳೆ ಏಳುತ್ತದೆ; ಅದಕ್ಕೇ ಪರ್ಯಾಯ ವಿದ್ಯುತ್ತು. ಉಪ್ಪು ಹೆಚ್ಚಿದ್ದರೆ ದ್ರಾವಣ ಬಿಸಿಯಾಗುತ್ತದೆ. ಆದ್ದರಿಂದ ಹಲವು ಪ್ರಯೋಗಗಳಲ್ಲಿ ಕೋಶಗಳನ್ನು ಸಕ್ಕರೆ ನೀರಿನಲ್ಲಿ ತೇಲಿಸುತ್ತಾರೆ.

ಕ್ಷೇತ್ರ ಹಿಡಿಯುವುದಷ್ಟೇ ಅಲ್ಲ, ಬಾಗಿಲನ್ನೂ ತೆರೆಯುತ್ತದೆ. ಪೊರೆಯ ಆಚೀಚೆ ಒಂದು ವೋಲ್ಟ್ ಆಸುಪಾಸಿನ ವ್ಯತ್ಯಾಸ ಕ್ಷಣಕಾಲ ಉಂಟಾದರೆ ಅದರಲ್ಲಿ ರಂಧ್ರಗಳು ಬೀಳುತ್ತವೆ. ಮಿತಿ ಮೀರದಿದ್ದರೆ ಅವು ಮತ್ತೆ ಮುಚ್ಚಿಕೊಳ್ಳುತ್ತವೆ. 1982ರಲ್ಲಿ ನ್ಯೂಮನ್ ಮತ್ತು ಸಂಗಡಿಗರು ಈ ದಾರಿಯಿಂದ ಇಲಿಯ ಕೋಶಗಳೊಳಗೆ ಜೀನ್ ಸೇರಿಸಿದರು.

ದೊಡ್ಡ ಆಸೆಯಿರುವುದು ಕ್ಯಾನ್ಸರ್ ಪತ್ತೆಯಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳು. ಗಡ್ಡೆಯಿಂದ ಕಳಚಿ ಬಂದ ಕೋಶಗಳು ಬೆರಳೆಣಿಕೆಯಷ್ಟು. ಅವು ಸಾಮಾನ್ಯವಾಗಿ ದೊಡ್ಡವು, ಪೊರೆಯೂ ಹೆಚ್ಚು ಮಡಿಕೆಯುಳ್ಳದ್ದು. ಹಾಗಾಗಿ ಸರಿಯಾದ ಆವರ್ತನದಲ್ಲಿ ಅವನ್ನಷ್ಟೇ ಅಂಚಿಗೆಳೆದು ಉಳಿದ ರಕ್ತವನ್ನು ಹರಿಯಬಿಡಬಹುದು.

ಮೊದಲ ಮೇಜಿನ ಸೂಕ್ಷ್ಮದರ್ಶಕದಡಿ ಸಕ್ಕರೆ ನೀರಿನಲ್ಲಿ ಯೀಸ್ಟ್ ತೇಲುತ್ತಿದೆ. ಸ್ವಿಚ್ ಒತ್ತಿದೊಡನೆ ಚದುರಿದ ಕೋಶಗಳು ಎಲೆಕ್ಟ್ರೋಡ್ ತುದಿಯಲ್ಲಿ ಮುತ್ತಿನ ಸರದಂತೆ ಸಾಲುಗಟ್ಟುತ್ತವೆ. ಪ್ರದರ್ಶನದ ಉದ್ಘಾಟನೆ ಅಲ್ಲಿಂದಲೇ.