ಹೆಸರು ಕೇಳದ ಪೆಟ್ಟಿಗೆ

(ಒಕಾಜಾಕಿಯಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ನಮ್ಮ ಹಿರಿಯರಲ್ಲಿ ಅನೇಕರು ವಾರಾನ್ನ ಉಂಡು ಓದಿದವರು. ಅನ್ನವೇನೋ ಸಿಗುತ್ತಿತ್ತು, ಆದರೆ ದಿನಕ್ಕೊಂದು ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕಿತ್ತು. ಬೇಸಿಗೆಯ ಅರವಟ್ಟಿಗೆಯಲ್ಲಿ ಆ ಸಂಕೋಚವಿರಲಿಲ್ಲ. (ಜಾತಿ ಕೇಳಿದ ಅರವಟ್ಟಿಗೆಗಳೂ ಇದ್ದವೆನ್ನಿ.)

2016ರಲ್ಲಿ ಕೊಚ್ಚಿಯ ಕಲೂರಿನಲ್ಲಿ ಹೋಟೆಲೊಂದರ ಒಡತಿ ಮಿನು ಪೌಲಿನ್ ರಸ್ತೆಬದಿಗೆ ಫ್ರಿಜ್ ಇಟ್ಟರು. ಅದೇ ವರ್ಷ ಅಮೆರಿಕದ ಫೇಯಟ್‌ವಿಲ್‌ನಲ್ಲಿ ಜೆಸಿಕಾ ಮೆಕ್‌ಕ್ಲಾರ್ಡ್ ಕಂಬದ ಮೇಲೆ ಮರದ ಪೆಟ್ಟಿಗೆ ನಿಲ್ಲಿಸಿದರು. ಜಪಾನಿನಲ್ಲಿ 2020ರ ನವೆಂಬರಿನಲ್ಲಿ ಒಕಾಯಾಮಾದ ಕಿತಾನಗಾಸೆಯಲ್ಲಿ ಇಂಥ ಫ್ರಿಜ್ ತೆರೆಯಿತು. ಹೆಸರು ನೋಂದಾಯಿಸಿಕೊಂಡವರು ಫೋನಿನಿಂದ ಬೀಗ ತೆಗೆದು, ನಡುರಾತ್ರಿಯಾದರೂ ಬೇಕಾದ್ದನ್ನು ಒಯ್ಯಬಹುದು. ಕೊಟ್ಟವರ ಮುಖ ನೋಡಬೇಕಿಲ್ಲ. ಒಳ್ಳೆಯ ಏರ್ಪಾಡೇ. ಆದರೆ ಕಾಂಜಿ ಬಾರದ ಪರದೇಶಿಗೆ ಆ ಅರ್ಜಿಯೇ ಒಂದು ಗೋಡೆ. ಆದ್ದರಿಂದ ನಮ್ಮ ಸಂಘ ಇಡುವ ಪೆಟ್ಟಿಗೆ ಹೆಸರು ಕೇಳಬಾರದೆಂಬುದು ನನ್ನ ಅಭಿಪ್ರಾಯ.

ಕಾರು ಕಾರ್ಖಾನೆಗಳ ಈ ಐಚಿ ಪ್ರಾಂತದಲ್ಲಿ ಯಾರಿಗೆ ಹಸಿವು ಎನ್ನುವಿರಾ? 2008ರ ಆರ್ಥಿಕ ಕುಸಿತದಲ್ಲಿ ಮೊದಲು ಕೆಲಸ ಹೋದದ್ದು ಗುತ್ತಿಗೆಯವರಿಗೆ, ಅವರಲ್ಲಿ ಬ್ರೆಜಿಲ್‌ನಿಂದ ಬಂದವರು ಬಹಳ. 2009ರಲ್ಲಿ ಸರ್ಕಾರ ಜಪಾನಿ ಮೂಲದ ಆ ವಲಸಿಗರಿಗೆ ತಲಾ 3 ಲಕ್ಷ ಯೆನ್ ಕೊಟ್ಟು ಊರಿಗೆ ಹಿಂದಿರುಗಿ ಎಂದಿತು. ನಮ್ಮ ವೀಸಾಗಳೂ ಕೆಲಸವನ್ನೇ ನೆಚ್ಚಿಕೊಂಡಿವೆ.

ಇನ್ನು ವೈದ್ಯನಾಗಿ ನಾಲ್ಕು ಮಾತು. ಮಿಕ್ಕ ಅನ್ನ, ಪಲಾವು ಪೆಟ್ಟಿಗೆಗೆ ಬೇಡವೇ ಬೇಡ. ಹೊರಗೆ ಬಹಳ ಹೊತ್ತು ಇಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಜಪಾನಿ ಪೊಟ್ಟಣದ ಮೇಲೆ ಎರಡು ಬಗೆಯ ದಿನಾಂಕಗಳಿರುತ್ತವೆ: 'ಶೋಮಿ ಕಿಗೆನ್' ರುಚಿಯ ಗಡುವು, ದಾಟಿದ ಮಾತ್ರಕ್ಕೆ ಪದಾರ್ಥ ಕೆಟ್ಟಿತೆಂದಲ್ಲ, 'ಶೋಹಿ ಕಿಗೆನ್' ದಾಟಿದರೆ ಎಸೆಯಲೇಬೇಕು. ಜೇನುತುಪ್ಪ ಇಟ್ಟರೆ, ಒಂದು ವರ್ಷದೊಳಗಿನ ಕೂಸಿಗೆ ಕೊಡಬಾರದೆಂದು ಜಪಾನಿಯಲ್ಲೂ ಬರೆದು ಅಂಟಿಸಿ. 2017ರಲ್ಲಿ ಟೋಕಿಯೋದಲ್ಲಿ ಜೇನು ತಿಂದ ಹಸುಗೂಸೊಂದು ಬಾಟುಲಿಸಂನಿಂದ ತೀರಿಕೊಂಡಿತು. ಊರಿಂದ ಬಂದ ಚಟ್ನಿಪುಡಿ ಎಷ್ಟೇ ರುಚಿಯಿರಲಿ, ಒಳಗೇನಿದೆಯೆಂಬ ಚೀಟಿಯಿಲ್ಲದೆ ಇಡಬೇಡಿ. ಶೇಂಗಾ ಕೆಲವು ಮಕ್ಕಳ ಪ್ರಾಣಕ್ಕೇ ಸಂಚಕಾರ.

ಅಕ್ಕಿ, ಬೇಳೆ, ಎಣ್ಣೆ, ಸೋಪು, ಮಕ್ಕಳ ಡಯಾಪರ್, ಹೆಣ್ಣುಮಕ್ಕಳ ಪ್ಯಾಡ್ ಇವು ಸಾಕು. ಪ್ಯಾಡ್ ಎಂದಾಗ ನಗುವವರು ಅದರ ಬೆಲೆ ಮನೆಯಲ್ಲಿ ವಿಚಾರಿಸಲಿ.

ವಾರಕ್ಕೊಮ್ಮೆ ದಿನಾಂಕ ನೋಡಿ, ಪೆಟ್ಟಿಗೆ ಒರೆಸಿಡಲು ಎರಡು ಮನೆಯವರು ಬೇಕು. ಮೊದಲ ತಿಂಗಳ ಅಕ್ಕಿ ನಮ್ಮ ಮನೆಯದು. ಒಪ್ಪುವವರು ಊಟಕ್ಕೆ ಕೂರುವ ಮೊದಲೇ ಕಾರ್ಯದರ್ಶಿಗಳಿಗೆ ತಿಳಿಸಿ.