ದೊರೆಯ ತಲೆ ಹೋಯಿತು, ಓಟು ಬರಲಿಲ್ಲ



ಇಂಗ್ಲೆಂಡಿನಲ್ಲಿ ದೊರೆಯ ದರ್ಬಾರು ಹೋಗಿ ಪಾರ್ಲಿಮೆಂಟು ಬಂತು ಅಂತ ನಾವು ಪರೀಕ್ಷೆಗೆ ಉರು ಹೊಡೆದಿದ್ದೇವೆ. ಯಾರ ಪಾರ್ಲಿಮೆಂಟು ಅಂತ ಮಾತ್ರ ಕೇಳಿರಲಿಲ್ಲ.

ದೊರೆ ಒಂದನೇ ಚಾರ್ಲ್ಸನನ್ನು ಯುದ್ಧದಲ್ಲಿ ಸೋಲಿಸಿದ ಸೈನಿಕರು 1647ರಲ್ಲಿ ಲಂಡನ್ನಿನ ಹತ್ತಿರದ ಪಟ್ನಿಯ ಚರ್ಚಿನಲ್ಲಿ ಸೇರಿದರು. ನಮಗೂ ಓಟು ಬೇಕು ಅಂದರು. ಸೇನಾಧಿಕಾರಿ ಐರ್ಟನ್ ಒಪ್ಪಲಿಲ್ಲ. ಆಸ್ತಿ ಇಲ್ಲದವನಿಗೆ ಓಟು ಕೊಟ್ಟರೆ ಉಳ್ಳವರ ಆಸ್ತಿಗೇ ಸಂಚಕಾರ ಅನ್ನೋದು ಅವನ ವಾದ. ಈ ವಾದ ನಾವೂ ಎಲ್ಲೋ ಕೇಳಿದ ಹಾಗಿದೆಯಲ್ಲ! 1649ರ ಜನವರಿಯಲ್ಲಿ ದೊರೆಯ ತಲೆ ಕಡಿದರು. ಅದೇ ವರ್ಷ ಮೇ ತಿಂಗಳಲ್ಲಿ, ದಂಗೆ ಎದ್ದ ತಮ್ಮದೇ ಸೇನೆಯ ಮೂವರನ್ನು ಬರ್ಫರ್ಡ್ ಎಂಬ ಊರಿನ ಚರ್ಚಿನಂಗಳದಲ್ಲಿ ಗುಂಡಿಟ್ಟು ಕೊಂದರು.

1660ರಲ್ಲಿ ದೊರೆತನ ಮರಳಿತು. ಪಾರ್ಲಿಮೆಂಟು ಒಪ್ಪದೆ ದೊರೆ ತೆರಿಗೆ ಹಾಕುವಂತಿಲ್ಲ ಎಂದು 1689ರ ಹಕ್ಕುಗಳ ಕಾಯಿದೆ ಅವನ ಕೈ ಕಟ್ಟಿತು. ಸರಿಯೇ. ಆದರೆ ಒಳಗೆ ಕೂತವರು ಜಮೀನುದಾರರು. 1832ರ ಸುಧಾರಣೆಯೂ ಕೂಲಿಯವರನ್ನು ಹೊರಗೇ ನಿಲ್ಲಿಸಿತು. ಗಂಡಸರಿಗೆಲ್ಲ ಓಟು, ಗುಟ್ಟಿನ ಮತದಾನ ಅಂತ 1838ರಲ್ಲಿ ಚಾರ್ಟಿಸ್ಟ್ ಕಾರ್ಮಿಕರು ಆರು ಬೇಡಿಕೆ ಬರೆದರು. ಲಕ್ಷಾಂತರ ಸಹಿಯ ಅರ್ಜಿಗಳನ್ನು ಪಾರ್ಲಿಮೆಂಟು ಮೂರು ಸಲ ತಳ್ಳಿಹಾಕಿತು.

ಪಟ್ನಿಯಲ್ಲಿ ಕೇಳಿದ್ದು ಗಂಡಸರಿಗೆಲ್ಲ ಸಿಕ್ಕಿದ್ದು 1918ರಲ್ಲಿ, 271 ವರ್ಷದ ಮೇಲೆ. ಹೆಂಗಸರು ಸಮನಾದ ಓಟಿಗೆ ಇನ್ನೂ ಹತ್ತು ವರ್ಷ ಕಾಯಬೇಕಾಯಿತು.